ಕಾಪಿಟ್ಟ ಬೀಜ

ನಮ್ಮ ಸೀಮೆಯ ಒಕ್ಕಲುತನದ ಮನೆಗಳಲ್ಲಿ ಸುಗ್ಗಿಯ ಹೊತ್ತಿಗೆ ಮೊದಲು ನಡೆಯುತ್ತಿದ್ದ ಕೆಲಸ ಬೀಜ ತೆಗೆದಿಡುವುದು. ಮನೆಯ ಹಿರಿಯ ಹೆಣ್ಣುಮಗಳು ತೆನೆ ಕಣಕ್ಕೆ ಬೀಳುವ ಮೊದಲೇ ದಪ್ಪನಾದವುಗಳನ್ನು ಆರಿಸಿ, ಬೇರೆಯಾಗಿ ಬಡಿದು, ಬೂದಿಯನ್ನೂ ಬೇವಿನೆಲೆಯನ್ನೂ ಬೆರೆಸಿ ಗಡಿಗೆಗೆ ತುಂಬಿ, ಅದರ ಬಾಯಿಗೆ ಸೆಗಣಿ ಮೆತ್ತಿ ಇಡುವಳು. ಉಳಿದ ಜೋಳ ಹಗೇವಿಗೆ ಹೋಗುವುದು. ಉಣ್ಣಲು, ಮಾರಲು, ಸಾಲ ತೀರಿಸಲು. ಬರಗಾಲ ಬಂದು ಹಗೇವು ಬರಿದಾದರೂ ಆ ಗಡಿಗೆಯ ಬಾಯಿಯನ್ನು ಮಾತ್ರ ತೆಗೆಯುತ್ತಿರಲಿಲ್ಲ. ಬರ ಬರುವ ಮೊದಲು ಮಾಡಿಡಬೇಕಾದ ಕೆಲಸ ಅದು. ಬಂದ ಮೇಲೆ ಮಾಡಲಾಗದು.

ಮನುಷ್ಯದೇಹದಲ್ಲಿ ಹೀಗೆ ಬೀಜವನ್ನು ಮೊದಲೇ ತೆಗೆದಿಡಲು ನಡೆದ ಪ್ರಯತ್ನದ ಕಥೆಯನ್ನು ನಾನು ಇಂದು ಕೇಳುಗರ ಮುಂದಿಡಬೇಕೆಂದಿದ್ದೇನೆ. ಎಳೆಯ ವಯಸ್ಸಿನಲ್ಲಿ ಕ್ಯಾನ್ಸರಿಗೆ ತುತ್ತಾದ ಹೆಣ್ಣುಮಗಳು ಈಗ ಎಷ್ಟೋ ಸಲ ಬದುಕಿ ಉಳಿಯುತ್ತಾಳೆ. ಆದರೆ ಅವಳನ್ನು ಉಳಿಸಿದ ಚಿಕಿತ್ಸೆಯೇ ಅವಳ ತಾಯ್ತನದ ಶಕ್ತಿಯನ್ನು ಕಸಿದುಕೊಳ್ಳುವುದುಂಟು. ಇದನ್ನು ತಡೆಯಬಹುದೆ ಎಂಬ ಪ್ರಶ್ನೆಗೆ ಒಂದು ಶತಮಾನಕ್ಕೂ ಮಿಕ್ಕ ಇತಿಹಾಸವಿದೆ. ಕನ್ನಡ ಎಂ.ಎ. ಮಾಡಿ ಜೀವಮಾನವೆಲ್ಲ ಪಂಪನನ್ನೂ ಬಸವಣ್ಣನನ್ನೂ ಬೇಂದ್ರೆಯವರನ್ನೂ ಪಾಠ ಹೇಳಿದವನಿಗೆ ಈ ಇತಿಹಾಸದಲ್ಲೇನು ಕೆಲಸ ಎಂದು ನೀವು ಕೇಳಬಹುದು. ಕೆಲಸವಿದೆ. 1989ರಲ್ಲಿ ಒಂದು ಮಾತನ್ನು ನಾನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದು ಒಬ್ಬಳಿಗೆ ಮುಟ್ಟಿಸಬೇಕಾಗಿತ್ತು. ಮುಟ್ಟಿಸಲಿಲ್ಲ.

ಆಗ ನಾನು ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಒಂದು ಮನೆಯ ಮಾಳಿಗೆಯ ಮೇಲೆ ಎರಡು ಖೋಲಿಗಳನ್ನು ಬಾಡಿಗೆಗೆ ಹಿಡಿದಿದ್ದ ಇಪ್ಪತ್ತೆಂಟರ ಹರೆಯದ ಅಧ್ಯಾಪಕ. ರೇಲ್ವೆ ವರ್ಕ್‌ಶಾಪಿನ ಭೋಂಗಾ ಕೂಗಿದಾಗ ಏಳುವುದು, ಭಾನುವಾರ ಇಗರ್ಜಿಯ ಗಂಟೆ ಕೇಳಿ ವಾರ ಮುಗಿಯಿತೆಂದು ತಿಳಿಯುವುದು, ಇದು ಆ ಓಣಿಯ ಪಂಚಾಂಗ. ಕೆಳಗಿನ ಮನೆಯ ಯಜಮಾನರು ವರ್ಕ್‌ಶಾಪಿನಲ್ಲಿ ಫಿಟರ್. ಓಣಿಯವರೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತಿದ್ದೆ. ಅವರ ಹಿರಿಯ ಮಗಳು ಬಿ.ಎ. ಎರಡನೆಯ ವರ್ಷದಲ್ಲಿದ್ದಳು, ನನ್ನ ವಿದ್ಯಾರ್ಥಿನಿ. ಆ ವರ್ಷ ಆಕೆಯ ಕೊರಳ ಬದಿಯಲ್ಲಿ ಅಡಿಕೆಯಷ್ಟು ಗಂಟೊಂದು ಕಾಣಿಸಿಕೊಂಡಿತು. ನೋವಿಲ್ಲ. ಸಂಜೆಗೆ ಸಣ್ಣ ಜ್ವರ, ರಾತ್ರಿ ಹಾಸಿಗೆ ತೊಯ್ಯುವಷ್ಟು ಬೆವರು. ಕ್ಷಯವಿರಬಹುದೆಂದು ಕೆಲವು ತಿಂಗಳು ಕಳೆದ ಮೇಲೆ ಗಂಟಿನ ತುಣುಕು ತೆಗೆದು ಪರೀಕ್ಷಿಸಿದರು. ಹಾಡ್ಜ್‌ಕಿನ್ ರೋಗವೆಂದು ತಿಳಿಯಿತು, ದುಗ್ಧಗ್ರಂಥಿಗಳ ಕ್ಯಾನ್ಸರ್.

ನಮ್ಮ ಭಾಗದ ಜನ ಅಂಥ ಕಾಯಿಲೆಗಳಿಗೆ ಹಿಂದೆ ಮಿರಜಿಗೋ ಮುಂಬಯಿಗೋ ಹೋಗುತ್ತಿದ್ದರು. 1973ರಲ್ಲಿ ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ ಹುಟ್ಟಿದ ಮೇಲೆ, ಆಮೇಲೆ ನಮ್ಮ ನವನಗರದಲ್ಲಿಯೇ ಕ್ಯಾನ್ಸರ್ ಆಸ್ಪತ್ರೆ ಬಂದ ಮೇಲೆ, ಆ ದಾರಿ ಕೊಂಚ ಹತ್ತಿರವಾಯಿತು. ನಾವು ಹೋದದ್ದು ಎಲ್ಲಿಗೆಂಬುದು ಇಲ್ಲಿ ಬೇಡ. ಕಾಕಾನಿಗೆ ಇಂಗ್ಲಿಷ್ ಬಾರದು, ಅಲ್ಲಿಯ ವೈದ್ಯರಿಗೆ ಕನ್ನಡ ಬಾರದು. ನಡುವೆ ದುಭಾಷಿಯಾಗಿ ನಾನು. ಆ ವೃದ್ಧ ವೈದ್ಯರು ಮೂರು ಮಾತು ಹೇಳಿದರು. ಇದು ಗುಣವಾಗುವ ರೋಗ ಎಂಬುದು ಒಂದು. ಆರು ತಿಂಗಳ ಔಷಧಿ, ಬಹಳ ಕಷ್ಟದ್ದು ಎಂಬುದು ಎರಡು. ಮೂರನೆಯದನ್ನು ಅವರು ನಿಧಾನವಾಗಿ, ನನ್ನ ಮುಖ ನೋಡಿ ಹೇಳಿದರು: ಈ ಔಷಧಿ ಅಂಡಾಶಯವನ್ನು ಹಾಳುಮಾಡುತ್ತದೆ, ಹುಡುಗಿ ಚಿಕ್ಕವಳಾದ್ದರಿಂದ ಮುಟ್ಟು ಮತ್ತೆ ಬರಬಹುದು, ಆದರೆ ಉಳಿದವರಿಗಿಂತ ಹತ್ತು-ಹದಿನೈದು ವರ್ಷ ಮೊದಲೇ ನಿಂತುಹೋದೀತು, ಮಕ್ಕಳು ಬೇಕೆಂದರೆ, ಗುಣವಾಗಿ ಎರಡು ವರ್ಷ ಕಳೆದ ಮೇಲೆ ತಡಮಾಡಬಾರದು, ಇದನ್ನು ಆಕೆಗೆ ತಿಳಿಸಿ.

ಮೊದಲ ಎರಡನ್ನು ಅಲ್ಲಿಯೇ ಹೇಳಿದೆ. ಮೂರನೆಯದನ್ನು ಹೊರಗೆ ಬಂದು, ಬೇವಿನ ಮರದ ಕೆಳಗಿನ ಕಲ್ಲಿನ ಮೇಲೆ ಕುಳಿತು ಹೇಳಿದೆ. ಕಾಕಾ ಬಹಳ ಹೊತ್ತು ಟೋಪಿಯನ್ನು ಕೈಯಲ್ಲಿ ತಿರುವುತ್ತ ಕುಳಿತರು. ಆಮೇಲೆ, "ಸರ, ಈ ಮಾತು ನಿಮ್ಮ ಹೊಟ್ಟ್ಯಾಗ ಇರ್ಲಿ. ಆಕಿಗೂ ಬ್ಯಾಡ, ನಮ್ಮ ಮನಿಯಾಕಿಗೂ ಬ್ಯಾಡ. ಹೊರಗ ಬಿತ್ತಂದ್ರ ನಾಳೆ ಇಕಿನ್ನ ಯಾರು ಮಾಡ್ಕೋತಾರ್ರಿ?" ಎಂದರು.

"ಆಯ್ತ್ರಿ ಕಾಕಾ" ಎಂದೆ.

ಈ ಕಥೆಯನ್ನು ಇಲ್ಲಿಗೆ ನಿಲ್ಲಿಸಿ, ಆ ವೈದ್ಯರು ಹೇಳಿದ ಮೂರನೆಯ ಮಾತು ಎಲ್ಲಿಂದ ಹುಟ್ಟಿ ಬಂದಿತೆಂಬುದನ್ನು ನೋಡೋಣ.

ಹಳೆಯ ಕಾಲದವರಿಗೆ ಹೆಣ್ಣಿನಲ್ಲಿ ಬೀಜವಿದೆಯೆಂಬುದೇ ಗೊತ್ತಿರಲಿಲ್ಲ. ನಮ್ಮ ಧರ್ಮಶಾಸ್ತ್ರಕಾರರು ಗಂಡನ್ನು ಬೀಜವೆಂದೂ ಹೆಣ್ಣನ್ನು ಕ್ಷೇತ್ರವೆಂದೂ ಕರೆದು, ಫಲ ಯಾರಿಗೆ ಸೇರಬೇಕೆಂದು ವಾದ ಹೂಡಿದರು. ಅತ್ತ ಗ್ರೀಸಿನ ಅರಿಸ್ಟಾಟಲನ ಎಣಿಕೆಯೂ ಇದರಿಂದ ಬಹು ದೂರದ್ದಲ್ಲ. ಬೆಳೆ ಬಾರದಿದ್ದರೆ ದೋಷ ಹೊಲದ್ದೇ ಎಂಬ ತೀರ್ಮಾನ ಇದರಿಂದ ತಾನಾಗಿ ಹೊರಟಿತು. "ಬಂಜೆ" ಎಂಬ ಪದ ಬಂಜರು ನೆಲದ ಪಕ್ಕದಲ್ಲಿಯೇ ಬಂದು ನಿಂತಿತು. ಗರತಿಯರ ಹಾಡುಗಳಲ್ಲಿ ಆ ಪದಕ್ಕೆ ಅಂಟಿಕೊಂಡ ಕಣ್ಣೀರನ್ನು ನಾನು ತರಗತಿಯಲ್ಲಿ ವರ್ಷವರ್ಷವೂ ವಿವರಿಸಿದ್ದೇನೆ. ಬಹಳ ಚೆನ್ನಾಗಿಯೇ ವಿವರಿಸುತ್ತಿದ್ದೆನೆಂದು ವಿದ್ಯಾರ್ಥಿಗಳು ಹೇಳುತ್ತಿದ್ದರು. ಇರಲಿ. ಸ್ತನಿಗಳ ಹೆಣ್ಣಿನಲ್ಲಿಯೂ ಅಂಡಾಣುವೆಂಬುದಿದೆ ಎಂದು ಕಾರ್ಲ್ ಅರ್ನ್ಸ್ಟ್ ಫಾನ್ ಬೇರ್ ಎಂಬ ವಿಜ್ಞಾನಿ ನಾಯಿಯೊಂದರ ಅಂಡಾಶಯದಲ್ಲಿ ಕಂಡು ಲೋಕಕ್ಕೆ ಹೇಳಿದ್ದು 1827ರಲ್ಲಿ. ಕ್ಷೇತ್ರವೆನಿಸಿಕೊಂಡವಳ ಬಳಿಯೂ ಬೀಜವಿತ್ತು. ಅಷ್ಟೇ ಅಲ್ಲ, ಅದರ ಲೆಕ್ಕಾಚಾರವೇ ಬೇರೆ. ಗಂಡಿನ ದೇಹ ಹರೆಯದಿಂದ ಮುಪ್ಪಿನವರೆಗೆ ದಿನದಿನವೂ ಹೊಸದಾಗಿ ಬೀಜ ಹುಟ್ಟಿಸುತ್ತದೆ. ಹೆಣ್ಣು ತನ್ನ ಪಾಲನ್ನೆಲ್ಲ ತಾಯಿಯ ಬಸಿರಿನಿಂದಲೇ ಬುತ್ತಿ ಕಟ್ಟಿಕೊಂಡು ಬರುತ್ತಾಳೆ. ಹುಟ್ಟುವಾಗ ಹತ್ತಿಪ್ಪತ್ತು ಲಕ್ಷ, ಮೈನೆರೆಯುವ ಹೊತ್ತಿಗೆ ಮೂರು-ನಾಲ್ಕು ಲಕ್ಷ. ಜೀವಮಾನದಲ್ಲಿ ಪಕ್ವವಾಗಿ ಹೊರಬೀಳುವುದು ನಾನೂರು-ಐನೂರು ಮಾತ್ರ. ಬುತ್ತಿ ತೀರಿದ ದಿನ ಮುಟ್ಟು ನಿಲ್ಲುತ್ತದೆ. ಮಧ್ಯದಲ್ಲಿ ಯಾರಾದರೂ ಆ ಬುತ್ತಿಗೆ ಕೈ ಹಾಕಿದರೆ ತಿರುಗಿ ತುಂಬುವ ದಾರಿಯಿಲ್ಲ.

ಕೈ ಹಾಕಿದ ಮೊದಲಿಗ ಕ್ಷಕಿರಣ. ರೋಂಟ್ಜೆನ್ ಅದನ್ನು ಕಂಡುಹಿಡಿದದ್ದು 1895ರಲ್ಲಿ. ಜರ್ಮನಿಯ ಆಲ್ಬರ್ಸ್-ಷೋನ್‌ಬರ್ಗ್ 1903ರಲ್ಲಿ ಗಿನಿಯಿಲಿ, ಮೊಲಗಳಿಗೆ ಆ ಕಿರಣ ತಾಗಿಸಿ ನೋಡಿದಾಗ, ಗಂಡು ಪ್ರಾಣಿಗಳು ಮೇಲುನೋಟಕ್ಕೆ ಆರೋಗ್ಯವಾಗಿದ್ದರೂ ಸಂತಾನಶಕ್ತಿ ಕಳೆದುಕೊಂಡಿದ್ದವು. 1905ರಲ್ಲಿ ಹಾಲ್ಬರ್‌ಸ್ಟೆಟರ್ ಎಂಬಾತ ಹೆಣ್ಣು ಮೊಲಗಳ ಅಂಡಾಶಯ ಅದೇ ಕಿರಣದಿಂದ ಸೊರಗುವುದನ್ನು ತೋರಿಸಿದ. ಅಂದರೆ ಕಿರಣ ಹುಟ್ಟಿ ಹತ್ತೇ ವರ್ಷಕ್ಕೆ ಈ ಸಂಗತಿ ತಿಳಿದಿತ್ತು. ತಿಳಿದೂ ರೋಗಿಗಳ ಮಟ್ಟಿಗೆ ಅದರಿಂದ ಆಗಬೇಕಾದದ್ದು ಹೆಚ್ಚೇನೂ ಆಗಲಿಲ್ಲ. ಇದಕ್ಕೆ ವೈದ್ಯರನ್ನು ನಿಷ್ಠುರರೆಂದು ಬೈಯುವುದು ಸರಿಯಲ್ಲ. ಕ್ಯಾನ್ಸರ್ ಬಂದವರಲ್ಲಿ ಬಹುತೇಕರು ಸಾಯುತ್ತಿದ್ದ ಕಾಲ ಅದು. ನಾಳೆಯೇ ಇಲ್ಲದವಳ ಹತ್ತು ವರ್ಷದಾಚೆಯ ಮಾತನ್ನು ಯಾರು ಆಡಿಯಾರು? ಬದುಕುವವರ ಸಂಖ್ಯೆ ಹೆಚ್ಚಿದ ಮೇಲೆಯೇ ಬದುಕು ಎಂಥದೆಂಬ ಪ್ರಶ್ನೆ ಹುಟ್ಟುವುದು.

ಎರಡನೆಯ ಕೈ ಯುದ್ಧಭೂಮಿಯಿಂದ ಬಂದಿತು. 1917ರಲ್ಲಿ ಬೆಲ್ಜಿಯಮಿನ ಈಪ್ರ ಬಳಿ ಜರ್ಮನರು ಸಾಸಿವೆ ಅನಿಲವೆಂಬುದನ್ನು ಪ್ರಯೋಗಿಸಿದರು. (ನಮ್ಮ ಒಗ್ಗರಣೆಯ ಸಾಸಿವೆಗೂ ಅದಕ್ಕೂ ನಂಟಿಲ್ಲ, ವಾಸನೆಯಿಂದ ಬಿದ್ದ ಹೆಸರು.) ಅದರಿಂದ ಸತ್ತವರ ರಕ್ತದಲ್ಲಿ ಬಿಳಿಯ ಕಣಗಳು ತೀರಿಹೋಗಿದ್ದನ್ನು ವೈದ್ಯರು ಗಮನಿಸಿದರು. ರಕ್ತಕಣಗಳು ಮಿತಿಮೀರಿ ಬೆಳೆಯುವ ಕ್ಯಾನ್ಸರಿಗೆ ಇದೇ ಮದ್ದಾಗಬಾರದೇಕೆ ಎಂಬ ಯೋಚನೆ ಎರಡನೆಯ ಮಹಾಯುದ್ಧದ ಹೊತ್ತಿಗೆ ಬಲಿಯಿತು. ಅಮೆರಿಕದ ಯೇಲ್‌ನಲ್ಲಿ ಗುಡ್‌ಮನ್ ಮತ್ತು ಗಿಲ್ಮನ್ 1942ರಲ್ಲಿ ಆ ಅನಿಲದ ದಾಯಾದಿಯಾದ ನೈಟ್ರೊಜನ್ ಮಸ್ಟರ್ಡನ್ನು ರೋಗಿಯೊಬ್ಬನ ನರಕ್ಕೆ ಹಾಕಿದರು. ಗಡ್ಡೆಗಳು ಕರಗಿದವು, ಕೆಲವು ವಾರಗಳ ಮಟ್ಟಿಗೆ. ಯುದ್ಧರಹಸ್ಯವಾದ್ದರಿಂದ ಇದು ಪ್ರಕಟವಾದದ್ದು 1946ರಲ್ಲಿ. ಆ ವಂಶದಲ್ಲಿಯೇ ಮುಂದೆ ಸೈಕ್ಲೊಫಾಸ್ಫಮೈಡ್ ಮೊದಲಾದ ಔಷಧಿಗಳು ಹುಟ್ಟಿದವು. 1960ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ವಿನ್ಸೆಂಟ್ ಡಿವಿಟಾ ಮತ್ತು ಅವರ ಸಂಗಡಿಗರು ನಾಲ್ಕು ಔಷಧಿಗಳನ್ನು ಒಂದು ಕಟ್ಟು ಮಾಡಿ ಹಾಡ್ಜ್‌ಕಿನ್ ರೋಗಕ್ಕೆ ಕೊಟ್ಟರು. ಅದುವರೆಗೆ ಮುಂದುವರಿದ ಹಂತದಲ್ಲಿ ಸಾವೇ ಗತಿಯೆನಿಸಿದ್ದ ಆ ರೋಗದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಬದುಕಿ ಉಳಿದರು. ವೈದ್ಯಶಾಸ್ತ್ರದ ದೊಡ್ಡ ವಿಜಯಗಳಲ್ಲಿ ಅದೊಂದು. ಆ ಕಟ್ಟಿನ ಮೊದಲ ಔಷಧಿ ಅದೇ ನೈಟ್ರೊಜನ್ ಮಸ್ಟರ್ಡ್.

ಸಾಸಿವೆಯ ವಂಶದ ಔಷಧಿ ಬೆಳೆಯುವ ಜೀವಕೋಶವನ್ನಷ್ಟೇ ಹೊಡೆದು ಸುಮ್ಮನಿರುವುದಿಲ್ಲ. ಅಂಡಾಶಯದಲ್ಲಿ ಮಲಗಿ ನಿದ್ದೆಹೋದ ಬೀಜವನ್ನೂ ಹೊಡೆಯುತ್ತದೆ. ವಯಸ್ಸು ಮೂವತ್ತು ದಾಟಿದ್ದರೆ ಬುತ್ತಿ ಮೊದಲೇ ಹಗುರ. ಚಿಕಿತ್ಸೆಯ ಹೊತ್ತಿಗೇ ಮುಟ್ಟು ಶಾಶ್ವತವಾಗಿ ನಿಲ್ಲುವುದು ಹೆಚ್ಚು. ಇಪ್ಪತ್ತರ ಹುಡುಗಿಯಲ್ಲಿ ಕೊಂಚ ಉಳಿಯುತ್ತದೆ, ಮುಟ್ಟು ತಿರುಗಿ ಬರುತ್ತದೆ, ಎಲ್ಲ ಸರಿಹೋಯಿತೆಂಬ ಭ್ರಮೆಯನ್ನೂ ತರುತ್ತದೆ. ಕಾಕಾನ ಮಗಳ ವೈದ್ಯರು ಹೇಳಿದ್ದು ಇದನ್ನೇ.

ಇದೇ ಕಾಲದ ಇನ್ನೊಂದು ಕಥೆಯಿದೆ. ಅದನ್ನು ಓದುವಾಗ ನನಗೆ ಸಮಾಧಾನವೆನಿಸುತ್ತದೆ. ಗರ್ಭ ಕಟ್ಟಿದ ಮೇಲೆ ಅದರ ಮಾಸಿನ ಅಂಗಾಂಶದಿಂದಲೇ ಹುಟ್ಟುವ ಒಂದು ಭೀಕರ ಕ್ಯಾನ್ಸರುಂಟು. ಹೆರುವ ವಯಸ್ಸಿನ ಹೆಂಗಸರನ್ನು ತಿಂಗಳುಗಳಲ್ಲಿ ಕೊಲ್ಲುತ್ತಿತ್ತು. ನಮ್ಮ ನೆರೆಯ ಆಂಧ್ರದ ಭೀಮವರಂನಲ್ಲಿ ಹುಟ್ಟಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದ ಮುಖ್ಯಸ್ಥರಾದ ಯೆಲ್ಲಾಪ್ರಗಡ ಸುಬ್ಬರಾವ್ ಮತ್ತು ಅವರ ಸಂಗಡಿಗರ ಕೈಯಿಂದ ಬಂದ ಔಷಧಿಗಳ ಸಾಲಿನಲ್ಲಿ ಮೆಥೊಟ್ರೆಕ್ಸೇಟ್ ಒಂದು. 1956ರಲ್ಲಿ ಮಿನ್ ಚಿಯು ಲೀ ಮತ್ತು ರಾಯ್ ಹರ್ಟ್ಜ್ ಅದನ್ನು ಈ ಹೆಂಗಸರಿಗೆ ಕೊಟ್ಟಾಗ ರೋಗ ಕರಗಿಹೋಯಿತು. ಗಡ್ಡೆ ಕಾಣದಾದ ಮೇಲೂ, ರಕ್ತ-ಮೂತ್ರದಲ್ಲಿ ಅದರ ಕುರುಹು ಪೂರ್ಣ ಅಳಿಯುವವರೆಗೆ ಔಷಧಿ ಕೊಡಬೇಕೆಂದು ಹಟ ಹಿಡಿದದ್ದಕ್ಕೆ ಲೀ ತಮ್ಮ ಹುದ್ದೆಯನ್ನೇ ಕಳೆದುಕೊಂಡರು. ಮುಂದೆ 1972ರಲ್ಲಿ ಲಾಸ್ಕರ್ ಪ್ರಶಸ್ತಿ ಬಂದಿತು. ಪ್ರಶಸ್ತಿಗಿಂತ ಹಿರಿದಾದದ್ದು ಇನ್ನೊಂದಿದೆ. ಆ ಔಷಧಿ ಅಂಡಾಶಯವನ್ನು ಅಷ್ಟಾಗಿ ಕಾಡುವುದಿಲ್ಲ. ಗರ್ಭಾಶಯವನ್ನು ತೆಗೆಯದೆಯೇ ಗುಣವಾದ ಹೆಂಗಸರಲ್ಲಿ ಎಷ್ಟೋ ಜನ ಮುಂದೆ ಮಕ್ಕಳನ್ನು ಹೆತ್ತರು. ಔಷಧಿಗಳಿಂದಲೇ ಗುಣವಾದ ಮೊದಲ ಗಡ್ಡೆಯ ಕ್ಯಾನ್ಸರಿನಲ್ಲಿಯೇ ತಾಯ್ತನವೂ ಉಳಿಯಿತು. ಉದ್ದೇಶಪಟ್ಟು ಮಾಡಿದ್ದಲ್ಲ, ದೈವವಶದಿಂದ ಒದಗಿದ್ದು ಎನ್ನಬೇಕು.

ಉದ್ದೇಶಪಟ್ಟು ಮಾಡಿದ ಮೊದಲ ಪ್ರಯತ್ನಗಳಲ್ಲೊಂದು ಶಸ್ತ್ರವೈದ್ಯರದು. ಗರ್ಭಕಂಠದ ಕ್ಯಾನ್ಸರಿನ ಎಳೆಯ ರೋಗಿಗಳಲ್ಲಿ ಅಂಡಾಶಯವನ್ನು ಬಿಡಿಸಿ, ಕಿರಣ ಬೀಳುವ ಜಾಗದಿಂದ ದೂರಕ್ಕೆ, ಹೊಟ್ಟೆಯ ಮೇಲ್ಭಾಗಕ್ಕೆ ಎತ್ತಿ ಹೊಲಿಯುವ ಕ್ರಮವನ್ನು ಅಮೆರಿಕದ ಮ್ಯಾಕಾಲ್ ಮತ್ತು ಸಂಗಡಿಗರು 1958ರಲ್ಲಿ ವಿವರಿಸಿದರು. ಹೊಳೆ ಬರುವ ಮೊದಲು ಬೀಜದ ಗಡಿಗೆಯನ್ನು ಅಟ್ಟಕ್ಕೇರಿಸಿದ ಹಾಗೆ. ಇಟಲಿಯ ಮಿಲಾನಿನ ಬೊನಡೋನಾ 1970ರ ದಶಕದಲ್ಲಿ ಹಾಡ್ಜ್‌ಕಿನ್ ರೋಗಕ್ಕೆ ಬೇರೊಂದು ಔಷಧಿಯ ಕಟ್ಟನ್ನು ತಂದರು. ಅದು ಸಂತಾನಶಕ್ತಿಗೆ ಎಷ್ಟೋ ಕಡಿಮೆ ಹಾನಿಕರ. ಹಳೆಯ ಕಟ್ಟನ್ನು ಸರಿಸಿ ಅದು ಎಲ್ಲೆಡೆ ನಿಲ್ಲಲು ಮತ್ತೆ ಹದಿನೈದು-ಇಪ್ಪತ್ತು ವರ್ಷ ಹಿಡಿಯಿತು.

ಇನ್ನು ತೆಗೆದಿಡುವ ವಿದ್ಯೆ. ಅದು ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ, ಕೋಳಿಯ ಗೂಡಿನಲ್ಲಿ. ಲಂಡನ್ನಿನ ಪೋಲ್ಜ್, ಆಡ್ರಿ ಸ್ಮಿತ್, ಪಾರ್ಕ್ಸ್ ಎಂಬ ಮೂವರು ಹುಂಜದ ವೀರ್ಯವನ್ನು ಹೆಪ್ಪುಗಟ್ಟಿಸಿ ಉಳಿಸಲು ಸಕ್ಕರೆಯ ದ್ರಾವಣ ಹಾಕಿ ಹಾಕಿ ಸೋತಿದ್ದರು. ಒಂದು ದಿನ ಇದ್ದಕ್ಕಿದ್ದಂತೆ ಫಲ ಸಿಕ್ಕಿತು. ಬೇರೆ ದ್ರಾವಣ ಮಾಡಿ ನೋಡಿದರೆ ಮತ್ತೆ ಸೋಲು. ಕೊನೆಗೆ ಸೀಸೆಯನ್ನೇ ಪರೀಕ್ಷಿಸಿದಾಗ ತಿಳಿಯಿತು: ಚೀಟಿ ಅದಲುಬದಲಾಗಿತ್ತು, ಒಳಗಿದ್ದದ್ದು ಸಕ್ಕರೆಯಲ್ಲ, ಗ್ಲಿಸರಿನ್! ನೀರು ಹಿಮದ ಮುಳ್ಳಾಗಿ ಜೀವಕೋಶವನ್ನು ಇರಿಯದಂತೆ ಅದು ತಡೆದಿತ್ತು. ಇದು 1949ರ ಮಾತು. 1953ರ ಹೊತ್ತಿಗೆ ಅಮೆರಿಕದಲ್ಲಿ ಬಂಜ್ ಮತ್ತು ಶರ್ಮನ್ ಹೆಪ್ಪುಗ‌ಟ್ಟಿಸಿದ ಮನುಷ್ಯವೀರ್ಯದಿಂದ ಗರ್ಭ ಕಟ್ಟುವುದನ್ನು ತೋರಿಸಿದರು. ಹೀಗೆ ಗಂಡಸಿನ ಬೀಜಕ್ಕೆ ಗಡಿಗೆ ಸಿಕ್ಕಿತು. ಹೆಂಗಸು ಇನ್ನೂ ಅರ್ಧ ಶತಮಾನ ಕಾಯಬೇಕಾಯಿತು. ಕಾರಣ ಅನಾದರವೊಂದೇ ಅಲ್ಲ; ಅಂಡಾಣು ಮನುಷ್ಯದೇಹದ ಅತಿ ದೊಡ್ಡ ಜೀವಕೋಶ, ತುಂಬ ನೀರು ತುಂಬಿದ್ದು. ಹೆಪ್ಪುಗಟ್ಟಿದರೆ ಹಿಮದ ಮುಳ್ಳು ಅದನ್ನು ಸೀಳಿಬಿಡುತ್ತದೆ.

ಇಲ್ಲಿ ನಮ್ಮ ದೇಶದ ಒಬ್ಬರನ್ನು ನೆನೆಯದೆ ಮುಂದೆ ಹೋಗಲಾರೆ. 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಲೂಯಿ ಬ್ರೌನ್ ಎಂಬ ಮೊದಲ ಪ್ರನಾಳ ಶಿಶು ಹುಟ್ಟಿದ್ದು ಎಲ್ಲರಿಗೂ ಗೊತ್ತು. ಅದಾದ ಎಪ್ಪತ್ತು ದಿನಕ್ಕೆ, ಅಕ್ಟೋಬರ್ 3ರಂದು, ಕಲ್ಕತ್ತೆಯಲ್ಲಿ ದುರ್ಗೆಯೆಂದು ಕರೆಯಲಾದ ಹೆಣ್ಣುಮಗುವೊಂದು ಹುಟ್ಟಿತು. ಅದನ್ನು ಸಾಧಿಸಿದವರು ಡಾ. ಸುಭಾಷ್ ಮುಖೋಪಾಧ್ಯಾಯ. ಜೊತೆಗಿದ್ದವರು ಶೈತ್ಯತಜ್ಞ ಸುನೀತ್ ಮುಖರ್ಜಿ ಮತ್ತು ಸ್ತ್ರೀರೋಗ ತಜ್ಞ ಸರೋಜಕಾಂತಿ ಭಟ್ಟಾಚಾರ್ಯ. ಇಂಗ್ಲೆಂಡಿನವರು ಮಾಡದ ಒಂದನ್ನು ಅವರು ಮಾಡಿದ್ದರು: ಭ್ರೂಣವನ್ನು 53 ದಿನ ಹೆಪ್ಪುಗಟ್ಟಿಸಿಟ್ಟು, ಆಮೇಲೆ ಕರಗಿಸಿ ತಾಯಿಯ ಗರ್ಭದಲ್ಲಿಟ್ಟಿದ್ದರು. ಲೋಕ ಅದನ್ನು ಇನ್ನೂ ಕಂಡಿರಲಿಲ್ಲ. ಅಂದಿನ ರಾಜ್ಯ ಸರಕಾರ ನೇಮಿಸಿದ ಸಮಿತಿ ಅದನ್ನು ನಂಬಲಿಲ್ಲ. ಜಪಾನಿನ ಕರೆ ಬಂದರೂ ಹೋಗಗೊಡಲಿಲ್ಲ. ಕೊನೆಗೆ ಅವರನ್ನು ಕಣ್ಣಿನ ವಿಭಾಗಕ್ಕೆ ವರ್ಗಮಾಡಿದರು. 1981ರ ಜೂನ್ 19ರಂದು ಅವರು ಪ್ರಾಣ ಕಳೆದುಕೊಂಡರು.

ಭಾರತದ ಮೊದಲ ಪ್ರನಾಳ ಶಿಶುವೆಂದು ಅಧಿಕೃತವಾಗಿ ದಾಖಲಾದದ್ದು 1986ರ ಆಗಸ್ಟ್ 6ರಂದು ಮುಂಬಯಿಯಲ್ಲಿ ಹುಟ್ಟಿದ ಹರ್ಷಾ. ಅದರ ಹಿಂದಿದ್ದವರು ಡಾ. ಇಂದಿರಾ ಹಿಂದುಜಾ ಮತ್ತು ಡಾ. ಟಿ. ಸಿ. ಆನಂದಕುಮಾರ್. ಈ ಆನಂದಕುಮಾರರ ಕೈಗೆ 1997ರಲ್ಲಿ ಮುಖೋಪಾಧ್ಯಾಯರ ಹಳೆಯ ಟಿಪ್ಪಣಿಗಳು ಬಂದವು. ಅವರು ಓದಿ ನೋಡಿದರು. ಮೊದಲಿಗ ತಾನಲ್ಲ, ಆ ಸತ್ತ ಮನುಷ್ಯ ಎಂದು ಮನವರಿಕೆಯಾಯಿತು. ಅದನ್ನು ನಮ್ಮ ಬೆಂಗಳೂರಿನಿಂದಲೇ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಅಚ್ಚುಹಾಕಿಸಿದರು. ತನ್ನ ತಲೆಯ ಮೇಲಿನ ಕಿರೀಟವನ್ನು ತಾನೇ ಇಳಿಸಿ ಇನ್ನೊಬ್ಬರ ಸಮಾಧಿಯ ಮೇಲಿಡುವುದು ಸಾಮಾನ್ಯ ವಿದ್ವಾಂಸರ ಕೆಲಸವಲ್ಲ. ವಿಶ್ವವಿದ್ಯಾಲಯಗಳ ಒಳಹೊರಗನ್ನು ಬಲ್ಲವನಾಗಿ ಈ ಮಾತು ಹೇಳುತ್ತಿದ್ದೇನೆ.

ಮುಂದಿನ ಹೆಜ್ಜೆಗಳು ಬೇಗ ಬೇಗ ಬಿದ್ದವು. ಹೆಪ್ಪುಗಟ್ಟಿಸಿದ ಭ್ರೂಣದಿಂದ 1984ರಲ್ಲಿ ಮೆಲ್ಬರ್ನಿನಲ್ಲಿ ಮಗು. ಹೆಪ್ಪುಗಟ್ಟಿಸಿದ ಅಂಡಾಣುವಿನಿಂದ 1986ರಲ್ಲಿ ಆಸ್ಟ್ರೇಲಿಯದಲ್ಲಿಯೇ ಕ್ರಿಸ್ಟೊಫರ್ ಚೆನ್ನರ ಯಶಸ್ಸು. ಆದರೆ ಭ್ರೂಣಕ್ಕೆ ಗಂಡ ಬೇಕು. ಮದುವೆಯಾಗದ ಹುಡುಗಿಗೆ ಅದರಿಂದ ಪ್ರಯೋಜನವಿಲ್ಲ. ಅಂಡಾಣುವೋ, ಉಳಿದುಬರುವುದು ಅಪರೂಪ. ಜಪಾನಿನ ಕುವಾಯಾಮಾ ಮೊದಲಾದವರು ಅಂಡಾಣುವನ್ನು ಕಣ್ಣುಮುಚ್ಚಿ ತೆರೆಯುವುದರೊಳಗೆ ತಣಿಸಿ, ಹಿಮವಾಗಲು ಬಿಡದೆ ಗಾಜಿನಂತೆ ನಿಲ್ಲಿಸುವ ಕ್ರಮವನ್ನು 2005ರ ಸುಮಾರಿಗೆ ಹದಕ್ಕೆ ತಂದ ಮೇಲೆ ಆ ತೊಡಕು ಬಿಡಿಸಿತು. 2012ರಲ್ಲಿ ಅಮೆರಿಕದ ತಜ್ಞರ ಸಂಘ ಇದು ಇನ್ನು ಪ್ರಯೋಗವಲ್ಲ, ಚಿಕಿತ್ಸೆ ಎಂದು ಸಾರಿತು. ಚಿಕಿತ್ಸೆಗೆ ಕಾಯಲು ವೇಳೆಯಿಲ್ಲದವರಿಗೂ ಇನ್ನೂ ಮೈನೆರೆಯದ ಬಾಲಕಿಯರಿಗೂ ಬೇರೆ ದಾರಿಯಿದೆ. ಅಂಡಾಶಯದ ತುಣುಕನ್ನೇ ತೆಗೆದಿಡುವುದು. ಬೆಲ್ಜಿಯಮಿನ ಹೆಣ್ಣುಮಗಳೊಬ್ಬಳಿಗೆ 1997ರಲ್ಲಿ ಹೀಗೆ ತೆಗೆದಿಟ್ಟು, ಗುಣವಾದ ಮೇಲೆ ಅದನ್ನು ಮತ್ತೆ ನಾಟಿ ಮಾಡಿದರು. 2004ರ ಸೆಪ್ಟೆಂಬರಿನಲ್ಲಿ ಆಕೆ ಹೆಣ್ಣುಮಗುವನ್ನು ಹೆತ್ತಳು. ಆಕೆಗಿದ್ದ ರೋಗವೂ ಹಾಡ್ಜ್‌ಕಿನ್.

ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಬಹಳ ಹೊತ್ತು ಕುಳಿತೆ. ಕಾಕಾನ ಮಗಳಿಗೆ 1989ರಲ್ಲಿ ಇದಾವುದೂ ಸಿಗುವಂತಿರಲಿಲ್ಲ ಎಂಬ ಸಮಾಧಾನ ನನಗೆ ಸಾಲಬೇಕಾಗಿತ್ತು. ಸಾಲಲಿಲ್ಲ. ಯಾಕೆಂದರೆ ಸಿಗಬಹುದಾದದ್ದು ಒಂದಿತ್ತು. ವೈದ್ಯರು ಹೇಳಿದ ಮಾತು.

ಆಕೆ ಗುಣವಾದಳು. 1991ರಲ್ಲಿ ಮುಟ್ಟು ತಿರುಗಿ ಬಂದಿತು. ಕಾಕಾನ ಮನೆಯಲ್ಲಿ ಹೋಳಿಗೆ ಮಾಡಿದರು, ಯಾಕೆಂದು ಓಣಿಗೆ ಹೇಳಲಿಲ್ಲ. ಬಿ.ಎ. ಮುಗಿಸಿದಳು, ಬಿ.ಇಡಿ. ಮಾಡಿದಳು, ಹೈಸ್ಕೂಲಿನಲ್ಲಿ ಕೆಲಸಕ್ಕೆ ಸೇರಿದಳು. ಬಂದ ಒಂದೆರಡು ಸಂಬಂಧಗಳನ್ನು ತಾನೇ ಮುಂದೂಡಿದಳು; ತಮ್ಮನ ಓದು ಮುಗಿಯಲೆಂದು. 1998ರಲ್ಲಿ, ಇಪ್ಪತ್ತೆಂಟು ತುಂಬಿದ ಮೇಲೆ, ಮದುವೆಯಾದಳು. 2000ದಲ್ಲಿ ಮುಟ್ಟು ನಿಂತಿತು. ಹೊಸ ವೈದ್ಯರು ಹಳೆಯ ಕಾಗದಗಳನ್ನು ತರಿಸಿ ನೋಡಿ ಕಾರಣ ಹೇಳಿದರು. ಅಷ್ಟು ಹೊತ್ತಿಗೆ ಕಾಕಾ ತೀರಿಕೊಂಡಿದ್ದರು. ಆಕೆ ನನ್ನಲ್ಲಿಗೆ ಬಂದಳು.

"ಸರ, ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

ಬೈಯಲಿಲ್ಲ. ಬೆರಳು ಮಡಿಚಿ ಎಣಿಸಿದಳು. "ತೊಂಬತ್ತೊಂದರಿಂದ ಎರಡು ಸಾವಿರ. ಒಂಬತ್ತು ವರ್ಷ ನನ್ನ ಕೈಯಾಗ ಇತ್ತಲ್ರಿ ಸರ. ನಾ ಬಿ.ಇಡಿ. ಮಾಡ್ಕೋತ ಕೂತೆ." ಚಹಾ ಕುಡಿಯದೆ ಎದ್ದು ಹೋದಳು.

ಆಕೆಯ ಯಜಮಾನರು ಒಳ್ಳೆಯವರು. ಊರ ಬಾಯಿ ಅಷ್ಟು ಒಳ್ಳೆಯದಲ್ಲ. ನೆಂಟರ ಮನೆಯ ಕುಬಸದಲ್ಲಿ ಮುತ್ತೈದೆಯರಿಗೆಲ್ಲ ಉಡಿ ತುಂಬುವಾಗ ತಟ್ಟೆ ಆಕೆಯ ಮುಂದೆ ಬಂದು ಕೊಂಚ ತಡೆದು ಮುಂದೆ ಸರಿದದ್ದನ್ನು ನನ್ನ ಹೆಂಡತಿ ಕಣ್ಣಾರೆ ಕಂಡು ಬಂದು ಹೇಳಿದ್ದಳು.

ಹೊರಗಿನ ಲೋಕದಲ್ಲಿ ಮಾತು ಬಿಚ್ಚತೊಡಗಿದ್ದು ಅದರ ನಂತರ. ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ 2006ರಲ್ಲಿ ಒಂದು ಮಾರ್ಗಸೂಚಿ ಹೊರಡಿಸಿ, ಹೆರುವ ವಯಸ್ಸಿನ ರೋಗಿಗೆ ಚಿಕಿತ್ಸೆಯಿಂದ ಸಂತಾನಶಕ್ತಿಗೆ ಆಗಬಹುದಾದ ಹಾನಿಯನ್ನೂ ಅದನ್ನು ಕಾಪಾಡುವ ದಾರಿಗಳನ್ನೂ ಆದಷ್ಟು ಮೊದಲೇ ತಿಳಿಸಬೇಕೆಂದಿತು. ಅದೇ ಸುಮಾರಿಗೆ ಟೆರೆಸಾ ವುಡ್ರಫ್ ಎಂಬ ವಿಜ್ಞಾನಿ ಈ ವಿದ್ಯೆಗೆ ಆಂಕೊಫರ್ಟಿಲಿಟಿ ಎಂದು ಹೆಸರಿಟ್ಟರು. ಕನ್ನಡದಲ್ಲಿ ಇದಕ್ಕಿನ್ನೂ ಒಳ್ಳೆಯ ಹೆಸರು ಬಿದ್ದಿಲ್ಲ; ನಾನು ಮನಸ್ಸಿನಲ್ಲಿ ಕಾಪುಬೀಜವೆಂದುಕೊಳ್ಳುತ್ತೇನೆ. ನಮ್ಮ ರಾಜ್ಯದಲ್ಲಿ, 1953ರಲ್ಲಿ ಆರಂಭವಾದ ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನವರು ಈ ದಿಕ್ಕಿನಲ್ಲಿ ಕೆಲಸ ಮಾಡುತ್ತ ಬಂದಿದ್ದಾರೆ. ಬೇಡಿಕೆಗೆ ಕಾರಣವೂ ಇದೆ. ಬೆಂಗಳೂರಿನಲ್ಲಿ 1980ರ ದಶಕದ ಆರಂಭದಿಂದ ಇಟ್ಟುಕೊಂಡು ಬಂದ ಕ್ಯಾನ್ಸರ್ ದಾಖಲೆಯಲ್ಲಿ ಹೆಂಗಸರ ಮಟ್ಟಿಗೆ ಹಿಂದೆ ಗರ್ಭಕಂಠದ್ದು ಮುಂದಿತ್ತು. ಈಗ ಸ್ತನದ ಕ್ಯಾನ್ಸರ್ ಮುಂದಿದೆ, ಅದು ಮದುವೆಯಾಗದ ಹುಡುಗಿಯರನ್ನೂ ಬಿಡುವುದಿಲ್ಲ. ಬಸುರಾದರೆ ಆ ರೋಗ ಮರುಕಳಿಸೀತೆಂಬ ಹಳೆಯ ಅಂಜಿಕೆಯೂ ಸಡಿಲಾಗಿದೆ. ಕೆಲವು ಬಗೆಯ ಸ್ತನ ಕ್ಯಾನ್ಸರಿನಲ್ಲಿ ವರ್ಷಗಟ್ಟಲೆ ನುಂಗಬೇಕಾದ ಗುಳಿಗೆಯನ್ನು ನಡುವೆ ನಿಲ್ಲಿಸಿ ಮಗು ಹೆತ್ತವರಲ್ಲಿ, ಮೊದಲ ಮೂರು ವರ್ಷದ ಮಟ್ಟಿಗಾದರೂ ರೋಗ ಹೆಚ್ಚಾಗಿ ಮರಳಲಿಲ್ಲವೆಂದು 2023ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿತು.

2022ರಲ್ಲಿ ಆಕೆಯ ತಂಗಿಯ ಮಗಳಿಗೆ, ಇಪ್ಪತ್ತಾರರ ಹುಡುಗಿ, ಎದೆಯಲ್ಲಿ ಗಂಟು ಕಾಣಿಸಿತು. ಪರೀಕ್ಷೆಯ ಫಲ ಬಂದ ದಿನ ವೈದ್ಯರ ಕೋಣೆಗೆ ಹುಡುಗಿಯ ಜೊತೆ ಹೋದವಳು ಈ ದೊಡ್ಡವ್ವ. ಔಷಧಿಯ ಮಾತು ಮುಗಿಯುವ ಮೊದಲೇ, "ಡಾಕ್ಟರ, ಇದರಿಂದ ಮುಂದ ಮಕ್ಕಳಿಗೆ ಏನಾಕ್ಕೇತಿ? ಅದನ್ನ ಮೊದಲ ಹೇಳ್ರಿ, ಇಕಿ ಮುಂದನ ಹೇಳ್ರಿ" ಎಂದಳಂತೆ. ಹೇಳಿದರು. ಎರಡು ವಾರ ತಡೆಯಬಹುದೆಂದರು. ಹನ್ನೊಂದು ದಿನ ಚುಚ್ಚುಮದ್ದು, ಜೊತೆಗೆ ದೇಹದಲ್ಲಿ ಸ್ತ್ರೀಹಾರ್ಮೋನು ಏರದಂತೆ ಗುಳಿಗೆ. ಹದಿಮೂರನೆಯ ದಿನ ಒಂಬತ್ತು ಅಂಡಾಣು ದೊರೆತವು. ಸೊನ್ನೆಗಿಂತ ನೂರಾ ತೊಂಬತ್ತಾರು ಡಿಗ್ರಿ ಕೆಳಗಿನ ದ್ರವ ಸಾರಜನಕದಲ್ಲಿ, ಹಾಲಿನವನ ಕ್ಯಾನಿನಂಥ ಪಾತ್ರೆಯಲ್ಲಿ ಅವು ಇವೆ. ಹದಿನಾರನೆಯ ದಿನ ಕೀಮೋ ಆರಂಭವಾಯಿತು. ಒಂಬತ್ತರಲ್ಲಿ ಎಷ್ಟು ಉಳಿದಾವು, ಒಂದಾದರೂ ಮಗುವಾದೀತೆ, ಯಾವ ವೈದ್ಯರೂ ಭರವಸೆ ಕೊಟ್ಟಿಲ್ಲ. ವೆಚ್ಚವೂ ಫಿಟರನ ಮನೆತನಕ್ಕೆ ಸಣ್ಣದಲ್ಲ. ಹುಡುಗಿ ಈಗ ಗುಳಿಗೆ ನುಂಗುತ್ತ ಕೆಲಸಕ್ಕೆ ಹೋಗುತ್ತಿದ್ದಾಳೆ.

ಚುಚ್ಚುಮದ್ದು ಆರಂಭವಾಗುವ ಹಿಂದಿನ ರಾತ್ರಿ ಆಕೆ ನನಗೆ ಫೋನು ಮಾಡಿದಳು. ಇಪ್ಪತ್ತೊಂದು ವರ್ಷದ ಮೇಲೆ ತಾನಾಗಿ ಮಾಡಿದ ಮೊದಲ ಫೋನು. ಒಪ್ಪಿಗೆಯ ಕಾಗದ ಎಂಟು ಪುಟ, ಎಲ್ಲ ಇಂಗ್ಲಿಷಿನಲ್ಲಿದೆ. ತನಗೂ ಹುಡುಗಿಗೂ ತಿಳಿಯುತ್ತದೆ, ಆದರೆ ಹುಡುಗಿಯ ಅವ್ವನಿಗೆ ತಿಳಿಯಬೇಕು, ನೀವು ಬಂದು ಕನ್ನಡದಲ್ಲಿ ಹೇಳಬೇಕು ಎಂದಳು. ಹೋದೆ. ಕೇಶ್ವಾಪುರದ ಅದೇ ಮನೆ; ಕೆಳಗಿನ ನಡುಮನೆಯಲ್ಲಿ ಚಾಪೆ ಹಾಸಿದ್ದರು, ಗೋಡೆಯ ಮೇಲೆ ಕಾಕಾನ ಫೋಟೊ. ಹುಡುಗಿಯನ್ನು ಎದುರಿಗೇ ಕೂರಿಸಿಕೊಂಡು ಒಂದೊಂದೇ ಸಾಲು ಓದಿ ಹೇಳಿದೆ: ಏನಾಗಬಹುದು, ಏನಾಗದಿರಬಹುದು, ಹೊಟ್ಟೆ ಉಬ್ಬರಿಸೀತು, ಎಲ್ಲವೂ ವ್ಯರ್ಥವಾದೀತು, ಹುಡುಗಿ ಬದುಕಿ ಉಳಿಯದಿದ್ದರೆ ತೆಗೆದಿಟ್ಟದ್ದನ್ನು ಏನು ಮಾಡಬೇಕು. ಆ ಸಾಲಿಗೆ ಬಂದಾಗ ನನ್ನ ನಾಲಗೆ ತಡವರಿಸಿತು. "ಅದನ್ನೂ ಓದ್ರಿ" ಎಂದಳು ದೊಡ್ಡವ್ವ. ಓದಿದೆ.

ಮುಗಿಯುವಾಗ ರಾತ್ರಿ ಹನ್ನೊಂದಾಗಿತ್ತು. "ಇನ್ನೇನರ ಉಳೀತೇನ್ರಿ ಸರ?" ಎಂದು ಕೇಳಿದಳು. ಕನ್ನಡಕ ಹಾಕಿಕೊಂಡು ಎಂಟೂ ಪುಟಗಳನ್ನು ಮತ್ತೊಮ್ಮೆ ತಿರುವಿ ನೋಡಿದೆ. ಏನೂ ಉಳಿದಿರಲಿಲ್ಲ. ಹುಡುಗಿ ಸಹಿ ಮಾಡಿದಳು. ಚಹಾ ಬಂದಿತು.